ಮೂರು ಬಣ್ಣದ ಹೊಗೆ

ಹಳೆಯ ಲಾರಿಯೊಂದು ಹೊಗೆ ಕಾರುತ್ತ ಮುಂದೆ ಹೋದರೆ ನಾವೆಲ್ಲ ಮಾಡುವ ಕೆಲಸ ಒಂದೇ. ಮೂಗಿಗೆ ಕರವಸ್ತ್ರ ಹಿಡಿದು ಚಾಲಕನಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಬೈಯುವುದು. ಆ ಹೊಗೆಯ ಬಣ್ಣ ಯಾವುದಾಗಿತ್ತು ಎಂದು ಆಮೇಲೆ ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ. ಶಿಕಾರಿಪುರದಲ್ಲಿ ಶಿರಾಳಕೊಪ್ಪ ರಸ್ತೆಯ ಬದಿಗೆ, ನಮ್ಮ ಮನೆಯಿಂದ ಕೂಗಳತೆಯಲ್ಲಿ ಒಂದು ಗ್ಯಾರೇಜಿದೆ. ಅಲ್ಲಿನ ಮೇಸ್ತ್ರಿಗೆ ಲಾರಿ ಗೇಟಿನೊಳಗೆ ಬರುವಾಗ ಮೊದಲು ಕಾಣುವುದೇ ಅದರ ಹೊಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಪಾನಾ ಹಿಡಿದು ಕಲಿತವರು. ನಾನು ಬಿಎಸ್ಸಿ, ಬಿಎಡ್ ಮಾಡಿ ಸೊರಬ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವರ್ಷ ವರ್ಷವೂ ದಹನಕ್ರಿಯೆಯ ಪಾಠ ಮಾಡುವವನು. ಭಾನುವಾರ ಬೆಳಿಗ್ಗೆ ಅವರ ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುವುದು ನನಗೆ ಅಭ್ಯಾಸವಾಗಿ ಹೋಗಿದೆ. ಹೆಂಡತಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಅಂಗಿಗೆ ಗ್ರೀಸು ಹತ್ತುತ್ತದೆ ಎಂಬುದು ಅವಳ ತಕರಾರು.

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ನು 16–17ರಲ್ಲಿ ಒಂದು ಪಾಲಾಗುವಷ್ಟು ಒತ್ತುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುತ್ತದಲ್ಲ, ಅದೇ ಸಂಗತಿ. ಇಲ್ಲಿ ಆ ಬಿಸಿ 500 ಡಿಗ್ರಿ ದಾಟುತ್ತದೆ. ಆ ಕಾದ ಗಾಳಿಗೆ ನಾಜಲ್ಲಿನ ತುದಿಯ ಕೂದಲಂಥ ತೂತುಗಳಿಂದ ಡೀಸೆಲ್ ಮಂಜಿನಂತೆ ಸಿಡಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನಿಯ ಇಂಜಿನಿಯರು 1897ರಲ್ಲಿ ಆಗ್ಸ್‌ಬರ್ಗ್ ಎಂಬ ಊರಿನಲ್ಲಿ ಇದನ್ನು ಚೆನ್ನಾಗಿ ಓಡಿಸಿ ತೋರಿಸಿದ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು 10,000 ಲೀಟರ್ ಗಾಳಿ ಬೇಕು. ಈ ಲೆಕ್ಕ ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಗಾಳಿ ಸಾಲದಿದ್ದರೆ, ಇಲ್ಲವೇ ಡೀಸೆಲ್ ಹೆಚ್ಚಾದರೆ, ಇಲ್ಲವೇ ಮಂಜಿನಂತೆ ಸಿಡಿಯುವ ಬದಲು ಹನಿಹನಿಯಾಗಿ ತೊಟ್ಟಿಕ್ಕಿದರೆ, ಇಂಗಾಲ ಅರೆಬೆಂದು ಮಸಿಯಾಗಿ ಹೊರಬೀಳುತ್ತದೆ. ಕಪ್ಪು ಹೊಗೆ ಎಂದರೆ ಇಷ್ಟೇ. ಲಾಂದ್ರದ ಬತ್ತಿ ಹೆಚ್ಚು ಏರಿಸಿ ಗಾಜು ಕಪ್ಪಾಗಿಸಿ ಅಮ್ಮನಿಂದ ಬೈಸಿಕೊಂಡ ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀಲಿ ಹೊಗೆಯ ಸಂಗತಿ ಬೇರೆ. ಪಿಸ್ಟನ್ನಿನ ರಿಂಗು ಸವೆದು ಕೆಳಗಿನ ಇಂಜಿನ್ ಆಯಿಲು ಮೇಲೇರಿದರೆ, ಅಥವಾ ವಾಲ್ವಿನ ಗೈಡಿನ ಸಂದಿಯಿಂದ ಆಯಿಲು ಕೆಳಗಿಳಿದರೆ, ಅದು ಬಿಸಿಗೆ ಆವಿಯಾಗಿ ಅತಿ ಸಣ್ಣ ಹನಿಗಳಾಗಿ ಹೊರಗೆ ಬರುತ್ತದೆ. ಬೆಳಕಿನ ಅಲೆಗಿಂತ ಸಣ್ಣದಾದ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಬೀಡಿ ಸೇದುವವರನ್ನು ಗಮನಿಸಿ: ಬೀಡಿಯ ತುದಿಯಿಂದ ಏಳುವ ಹೊಗೆ ನೀಲಿ, ಬಾಯಿಂದ ಬಿಟ್ಟದ್ದು ಬಿಳಿ. ಒಳಗೆ ಹೋದಾಗ ಕಣಗಳ ಮೇಲೆ ತೇವ ಕೂತು ಅವು ದಪ್ಪವಾಗಿರುತ್ತವೆ. ತರಗತಿಯಲ್ಲಿ ಬೀಡಿ ಹಚ್ಚುವಂತಿಲ್ಲವಾದ್ದರಿಂದ ನಾನು ಊದುಬತ್ತಿ ಹಚ್ಚುತ್ತೇನೆ. ಕಪ್ಪು ಹಲಗೆಯ ಮುಂದೆ ಹಿಡಿದರೆ ಹೊಗೆ ನೀಲಿ. ಅದೇ ಹೊಗೆಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಕಂದು. ಇದು ಲಾರಿಗೂ ಸಲ್ಲುತ್ತದೆ. ಆಕಾಶದ ಎದುರು ನಿಂತು ಹೊಗೆಯ ಬಣ್ಣ ಹೇಳಿದವನ ಮಾತನ್ನು ನಂಬಬಾರದು. ನಮ್ಮ ಮೇಸ್ತ್ರಿ ಯಾವ ಬೆಳಕಿನ ಪಾಠವನ್ನೂ ಓದಿದವರಲ್ಲ. ಆದರೆ ಗಾಡಿ ಬಂದ ಕೂಡಲೇ ಅದನ್ನು ತಿರುಗಿಸಿ, ಸೈಲೆನ್ಸರಿನ ಹೊಗೆ ಹಿತ್ತಿಲಿನ ಮಾವಿನ ಮರದ ಕತ್ತಲೆಯ ಎದುರು ಬರುವಂತೆ ನಿಲ್ಲಿಸುತ್ತಾರೆ.

ಬಿಳಿ ಹೊಗೆಯಲ್ಲಿ ಎರಡು ಜಾತಿ. ಒಂದು ನೀರಿನದು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಆದ್ದರಿಂದ ನಮ್ಮ ಮಲೆನಾಡಿನ ಅಂಚಿನ ಮಾರ್ಗಶಿರದ ಚಳಿಯಲ್ಲಿ ಬೆಳಿಗ್ಗೆ ಬಿಳಿ ಹಬೆ ಬಂದು ಮಾಯವಾದರೆ ಹೆದರಬೇಕಾಗಿಲ್ಲ. ಇಂಜಿನ್ ಕಾದ ಮೇಲೂ ಬಂದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಇನ್ನೊಂದು ಜಾತಿ ಉರಿಯದೆ ಹಾಗೇ ಹೊರಬಿದ್ದ ಡೀಸೆಲ್ಲಿನ ಮಂಜು. ಇದು ಕಣ್ಣು ಉರಿಸುತ್ತದೆ. ಹೊಗೆಯ ಮುಂದೆ ಬಿಳಿ ಕಾಗದ ಹಿಡಿದು ನೋಡಿ ಎನ್ನುತ್ತಾರೆ ಮೇಸ್ತ್ರಿ. ಒಣ ಮಸಿ ಕೂತರೆ ಒಂದು ಲೆಕ್ಕ, ಎಣ್ಣೆಯ ಜಿಡ್ಡು ಕೂತರೆ ಒಂದು ಲೆಕ್ಕ, ಡೀಸೆಲ್ಲಿನ ವಾಸನೆಯ ಒದ್ದೆ ಚುಕ್ಕೆ ಬಿದ್ದರೆ ಇನ್ನೊಂದು ಲೆಕ್ಕ.

ಇಷ್ಟೆಲ್ಲ ಬರೆಯಲು ಕಾರಣವಾದದ್ದು ನನ್ನ ಶಿಷ್ಯನೊಬ್ಬನ ಲಾರಿ. 2015ರ ಜನವರಿಯ ಮಾತು. ಹುಡುಗ ಸೊರಬ ತಾಲ್ಲೂಕಿನವನು, ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಗಾಡಿ ಹಿಡಿದವನು. ಗಾಡಿ 1988ರ ಮಾಡೆಲ್ಲಿನ ಟಾಟಾ 1210. ಈ ಸಂಖ್ಯೆಗೂ ಅರ್ಥವಿದೆ: ಲೋಡು ಸೇರಿ 12 ಟನ್ನು, 100ರ ಆಸುಪಾಸಿನ ಅಶ್ವಶಕ್ತಿ. ನಮ್ಮ ಕಡೆಯ ಹಳೆಯ ಚಾಲಕರ ಬಾಯಲ್ಲಿ ಮಾತ್ರ ಅದು ‘ಬೆಂಜು’. ಟೆಲ್ಕೋದವರು 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಕಟ್ಟಿದ್ದರ ನೆನಪು ಹೆಸರಿನಲ್ಲಿ ಉಳಿದುಕೊಂಡಿದೆ.

ಸುಗ್ಗಿ ಮುಗಿದು ಸೊರಬದ ಭತ್ತ, ಶಿಕಾರಿಪುರದ ಮೆಕ್ಕೆಜೋಳ ರಾಣೆಬೆನ್ನೂರು, ದಾವಣಗೆರೆ ಕಡೆಗೆ ಹೋಗುವ ಕಾಲ. ವರ್ಷವಿಡೀ ಗಾಡಿ ಅನ್ನ ಹಾಕುವುದು ಈ ಮೂರು ತಿಂಗಳಲ್ಲೇ. ಹುಡುಗ ರಾತ್ರಿ ಫೋನು ಮಾಡಿದ. “ಸಾರ್, ಇಂಜಿನ್ ಹೋಗಿದೆಯಂತೆ ಸಾರ್” ಎಂದವನ ಧ್ವನಿ ಮನೆಯಲ್ಲಿ ಯಾರೋ ಮಲಗಿದವರ ವಿಷಯ ಹೇಳುವಂತಿತ್ತು. ಬೇರೊಂದು ಊರಿನ ಗ್ಯಾರೇಜಿನವರು ಹೊಗೆ ನೋಡಿ ರಿಂಗು ಹೋಗಿದೆ, ಆರೂ ಲೈನರ್ ಪಿಸ್ಟನ್ ಬದಲಾಯಿಸಬೇಕು, ಬಿಚ್ಚಿದ ಮೇಲೆ ಕ್ರ್ಯಾಂಕ್ ನೋಡಬೇಕು, ಎಪ್ಪತ್ತು ಸಾವಿರ ಹೊಂದಿಸಿಕೊಂಡು ಬಾ ಎಂದಿದ್ದರಂತೆ. ಫೆಬ್ರವರಿಯಲ್ಲಿ ಎಫ್‌ಸಿ ಬೇರೆ. ಹೆಂಡತಿಯ ಸರವನ್ನು ಸೊಸೈಟಿಯಲ್ಲಿ ಇಡುವ ಮಾತು ನಡೆದಿತ್ತು. ನಾಳೆ ಭಾನುವಾರ, ಗಾಡಿ ಇಲ್ಲಿಗೆ ತಾ ಎಂದೆ.

ಮೇಸ್ತ್ರಿ ಪಾನಾ ಮುಟ್ಟಲಿಲ್ಲ. ಮೊದಲು ಕೇಳಿದ್ದು ಪ್ರಶ್ನೆ. ಹೊಗೆ ಬೆಳಿಗ್ಗೆ ಸ್ಟಾರ್ಟಿಂಗಿನಲ್ಲೋ, ಸಿದ್ದಾಪುರದ ದಾರಿಯ ಏರಿನಲ್ಲೋ, ಸುಮ್ಮನೆ ನಿಂತಾಗಲೋ? ಎಲ್ಲ ಹೊತ್ತಿನಲ್ಲೂ ಬರುತ್ತದೆ, ಏರಿನಲ್ಲಿ ಕಪ್ಪು, ಬೆಳಿಗ್ಗೆ ಬೂದಿ ಬಣ್ಣ ಎಂದ ಹುಡುಗ. ಪಿಕಪ್ ಇಲ್ಲ, ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಮೂರಕ್ಕೆ ಇಳಿದಿದೆ. “ಆಯಿಲ್ ಎಷ್ಟು ಹಾಕ್ತಿದೀಯ?” ದೀಪಾವಳಿಯಿಂದ ಈಚೆಗೆ ಹಾಕೇ ಇಲ್ಲ ಎಂಬ ಉತ್ತರ ಬಂತು. ಮೇಸ್ತ್ರಿ ಆಯಿಲ್ ಕಡ್ಡಿ ಎಳೆದರು. ಒರೆಸಿ ಮತ್ತೆ ಅದ್ದಿ ಎಳೆದರು. ಆಯಿಲು ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ಕಡ್ಡಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಡೀಸೆಲ್ಲಿನ ವಾಸನೆ.

“ರಿಂಗ್ ಹೋದ ಗಾಡಿ ಆಯಿಲ್ ತಿಂತೈತೆ ಮೇಷ್ಟ್ರೇ. ಇದು ಆಯಿಲ್ ಹೆಚ್ಚು ಮಾಡ್ಯೈತೆ. ಅದೆಂಗ್ ಆಗ್ತೈತೆ?”

ಎಪ್ಪತ್ತು ಸಾವಿರದ ರೋಗ ಇದಲ್ಲ ಎಂದು ನನಗೆ ಅನ್ನಿಸಿದ್ದು ಆಗಲೇ. ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆ ತೊಳೆಯುತ್ತ ಕೆಳಗಿಳಿದು ಆಯಿಲಿನಲ್ಲಿ ಬೆರೆಯುತ್ತಿದೆ. ಅಂದರೆ ಎಲ್ಲೋ ಒಂದು ಕಡೆ ಡೀಸೆಲ್ ಸಿಡಿಯದೆ ಸುರಿಯುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಇಂಜಿನ್ ಓಡಿಸಿ ನೋಡಿದರು. ಬ್ಯಾಕ್ ಕಂಪ್ರೆಷನ್ ಜೋರಾಗಿದ್ದರೆ ಅಲ್ಲಿಂದ ಹೊಗೆ ಬುಸುಗುಟ್ಟಬೇಕು. ಇಪ್ಪತ್ತೇಳು ವರ್ಷದ ಗಾಡಿಗೆ ಇರಬೇಕಾದಷ್ಟು ಇತ್ತು, ಹೆಚ್ಚಿಲ್ಲ. ಏರ್ ಫಿಲ್ಟರ್ ಬಿಚ್ಚಿಸಿದರು; ಮೆಕ್ಕೆಜೋಳದ ದೂಳು ಸೇರಿ ಅರ್ಧ ಮುಚ್ಚಿತ್ತು. ತೊಳೆದು ಹಾಕಿದ ಮೇಲೆ ಕಪ್ಪು ಸ್ವಲ್ಪ ತಗ್ಗಿತು, ಹೋಗಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಪ್ರತಿ ವರ್ಷ ಹತ್ತನೇ ತರಗತಿಗೆ ಹೇಳುತ್ತೇನೆ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದನೇ ನಾಜಲ್ಲಿಗೆ ಹೋಗುವ ಪೈಪಿನ ನಟ್ಟನ್ನು ಸಡಿಲಿಸಿದರು. ಡೀಸೆಲ್ ಹೊರಗೆ ಚೆಲ್ಲಿತು, ಆ ಸಿಲಿಂಡರು ಸತ್ತಿತು, ಇಂಜಿನ್ನಿನ ಸದ್ದು ಕುಂಟಿತು. ಬಿಗಿ ಮಾಡಿದರು, ಸದ್ದು ಸರಿಯಾಯಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಸಡಿಲಿಸಿದಾಗ ಸದ್ದು ಬದಲಾಗಲೇ ಇಲ್ಲ. ಬದಲಿಗೆ ಮಾವಿನ ಮರದ ಮುಂದಿನ ಹೊಗೆ ತಿಳಿಯಾಯಿತು. ಆರೂ ಮುಗಿಸಿ ಬಂದರು. ರೋಗ ಮೂರರದ್ದು. ಆದರೆ ನಾಜಲ್ಲೇ ಕೆಟ್ಟಿದೆಯೋ, ಮೂರನೇ ಸಿಲಿಂಡರಿನ ರಿಂಗು-ವಾಲ್ವು ಕೆಟ್ಟು ಅಲ್ಲಿ ಡೀಸೆಲ್ ಉರಿಯುತ್ತಿಲ್ಲವೋ? ಎರಡಕ್ಕೂ ಹೊಗೆ ಒಂದೇ. ಇಂಜಿನ್ ನಿಲ್ಲಿಸಿ, ಮೂರರ ನಾಜಲ್ಲನ್ನು ಐದಕ್ಕೆ, ಐದರದನ್ನು ಮೂರಕ್ಕೆ ಹಾಕಿ ಮತ್ತೆ ಓಡಿಸಿದರು. ಈಗ ಐದನ್ನು ಸಡಿಲಿಸಿದಾಗ ಸದ್ದು ಬದಲಾಗಲಿಲ್ಲ, ಮೂರನ್ನು ಸಡಿಲಿಸಿದಾಗ ಕುಂಟಿತು. ರೋಗ ನಾಜಲ್ಲಿನ ಜೊತೆಗೇ ಮನೆ ಬದಲಾಯಿಸಿತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು ಎಂದು ನಾವು ಪುಸ್ತಕ ಹಿಡಿದು ಹೇಳುವ ಪ್ರಯೋಗಪದ್ಧತಿ ಇದೇ ತಾನೆ? ಎರಡು ಗಂಟೆಯ ಕೆಲಸ, ಖರ್ಚು ತಾಮ್ರದ ಎರಡು ವಾಷರು.

ಓದಿದವರು ಯಾರಾದರೂ ಮನೆಯ ಗಾಡಿಯ ಮೇಲೆ ಇದನ್ನು ಮಾಡಿ ನೋಡಲು ಹೊರಟರೆ ಒಂದು ಮಾತು. ನಾಜಲ್ಲು ತೆರೆದುಕೊಳ್ಳುವುದೇ ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಆಸುಪಾಸಿನ ಒತ್ತಡದಲ್ಲಿ. ಅದರ ತುದಿಯಿಂದ ಸಿಡಿಯುವ ಡೀಸೆಲ್ಲಿಗೆ ಬೆರಳು ಅಡ್ಡ ಹಿಡಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಕೈ ಕೊಳೆಯುವಂಥ ಗಾಯ ಅದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗೊತ್ತಿದ್ದವರ ಕೈಗೇ ಕೊಡುವುದು ಒಳ್ಳೆಯದು.

ಮರುದಿನ ಆರೂ ನಾಜಲ್ಲು ಮತ್ತು ಪಂಪು ಶಿವಮೊಗ್ಗದ ಪಂಪ್ ಅಂಗಡಿಗೆ ಹೋದವು. ರಜೆ ಹಾಕಿ ನಾನೂ ಜೊತೆಗೆ ಹೋದೆ. ಅಂಥ ಅವಕಾಶ ಬಿಡುವವನಲ್ಲ. ಕೈಪಂಪಿನ ಟೆಸ್ಟರಿಗೆ ನಾಜಲ್ ಸಿಕ್ಕಿಸಿ ಒತ್ತಿದರೆ ಒಳ್ಳೆಯದು ಟರ್ ಎಂದು ಸದ್ದು ಮಾಡಿ ಹೊಗೆಯಂಥ ತುಂತುರು ಬಿಟ್ಟಿತು. ನಮ್ಮ ಮೂರನೆಯದು ಮೂಗು ಸೋರುವ ಮಗುವಿನಂತೆ ತೊಟ್ಟಿಕ್ಕಿತು. ಸೂಜಿಯ ಮೇಲೆ ಗೀರು ಬಿದ್ದಿತ್ತು. ಹುಡುಗ ಕ್ಯಾನಿನಲ್ಲಿ ತಂದ ಡೀಸೆಲ್ಲನ್ನು ಕಣದಲ್ಲಿ ಸೋಸದೆ ಸುರಿಯುತ್ತಿದ್ದ, ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು ಎಂಬುದು ಅವನಿಗೆ ನೆನಪಿರಲಿಲ್ಲ. ಕಾರಣವನ್ನು ದೂರ ಹುಡುಕಬೇಕಾಗಿರಲಿಲ್ಲ.

ಪಂಪಿನ ಬೆಂಚಂತೂ ನಮ್ಮ ಪ್ರಯೋಗಾಲಯದ ಅಣ್ಣನಂತಿತ್ತು. ಆರು ಗಾಜಿನ ಅಳತೆ ಕೊಳವೆ, ಆರು ಪೈಪಿನಿಂದ ಬಂದ ಡೀಸೆಲ್ ಆರರಲ್ಲೂ ಒಂದೇ ಗೆರೆಗೆ ನಿಲ್ಲಬೇಕು. ನಿಂತದ್ದು ಹೆಚ್ಚುಕಡಿಮೆ ಒಂದೇ ಗೆರೆಗೆ, ಆದರೆ ಇರಬೇಕಾದುದಕ್ಕಿಂತ ಬಹಳ ಮೇಲೆ. ಅಂಗಡಿಯವರು ಪಂಪಿನ ಪಕ್ಕದ ಒಂದು ಸ್ಕ್ರೂ ತೋರಿಸಿದರು. ಅದರ ಮೇಲಿನ ಸೀಲು ಇರಲಿಲ್ಲ. ಯಾರೋ ಪಂಪು ಹೆಚ್ಚು ಮಾಡಿದ್ದರು.

ಯಾರೋ ಏನು, ಹುಡುಗನೇ ಮಾಡಿಸಿದ್ದು. ಹಿಂದಿನ ವರ್ಷ ಲೋಡು ಎಳೆಯಲಿ ಎಂದು. ಚೀಲಕ್ಕೆ 75 ಕೆಜಿ ಲೆಕ್ಕದಲ್ಲಿ 100 ಚೀಲ ಭತ್ತ, ಅಂದರೆ ಏಳೂವರೆ ಟನ್, ಹೊರುವ ಗಾಡಿಗೆ ಅವನು 130 ಚೀಲ ಹಾಕುತ್ತಿದ್ದ. ಹೆಚ್ಚಿನ ಎರಡೂಕಾಲು ಟನ್ನನ್ನು ಏರು ಹತ್ತಿಸಲು ಹೆಚ್ಚು ಡೀಸೆಲ್ ಬೇಕು, ಆದರೆ ಸಿಲಿಂಡರಿನೊಳಗೆ ಬರುವ ಗಾಳಿ ಅಷ್ಟೇ. ಮೇಲೆ ಹೇಳಿದ ಲಾಂದ್ರದ ಕಥೆ. ಮೂರನೇ ನಾಜಲ್ಲಿನ ಬೂದಿ ಹೊಗೆಯ ಹಿಂದೆ ಆರೂ ಸಿಲಿಂಡರಿನ ಈ ಕಪ್ಪು ಹೊಗೆಯೂ ಸೇರಿಕೊಂಡಿದ್ದರಿಂದಲೇ ನೋಡಿದವರಿಗೆ ಗೊಂದಲವಾದದ್ದು.

ನಾಜಲ್ ರಿಪೇರಿಗೆ ಅವನದೇನೂ ತಕರಾರಿರಲಿಲ್ಲ. ಪಂಪು ಇಳಿಸುವ ಮಾತಿಗೆ ಮುಖ ಸಪ್ಪಗಾಯಿತು. ಎಫ್‌ಸಿಗೆ ಮಟ್ಟಿಗೆ ಇಳಿಸಿ ಆಮೇಲೆ ಏರಿಸಿಕೊಡಿ ಎಂದ. ಎಲ್ಲರೂ ಮಾಡುವುದೇ ಹಾಗೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಹೋಗಿ ಬರಲು 240 ಕಿಲೋಮೀಟರ್ ಎಂದಿಟ್ಟುಕೊಂಡರೆ, ನಾಜಲ್ ಸರಿಯಿದ್ದು ಪಂಪು ಹೆಚ್ಚಿದ್ದಾಗ ಲೀಟರಿಗೆ ಮೂರೂವರೆ, ಇಳಿಸಿ 100 ಚೀಲ ಹಾಕಿದರೆ ನಾಲ್ಕು. ಉಳಿಯುವುದು ಎಂಟೊಂಬತ್ತು ಲೀಟರ್. ಆಗ ಡೀಸೆಲ್ಲು 50 ರೂಪಾಯಿ ದಾಟಿತ್ತು. 450 ರೂಪಾಯಿ ಎನ್ನಿ. ಆದರೆ ಕಡಿಮೆಯಾದ 30 ಚೀಲಕ್ಕೆ ಬಾಡಿಗೆ ಚೀಲಕ್ಕೆ 40ರಂತೆ 1,200 ರೂಪಾಯಿ ಹೋಗುತ್ತದೆ. ಲೆಕ್ಕ ಅವನ ಕಡೆಗೇ ಇತ್ತು. ಹೊಗೆ ಬಿಡುವವರನ್ನು ಬೈಯುವ ನಮ್ಮಂಥವರು ಈ 750 ರೂಪಾಯಿಯನ್ನು ಒಮ್ಮೆ ನೋಡಬೇಕು. ಟೈರು, ಪಾಟಾ, ಬ್ರೇಕು ಲೆಕ್ಕಕ್ಕೆ ಸೇರಿಸಿದರೆ ಬೇರೆಯಾಗುತ್ತದೆ. ಆದರೆ ಅವು ಇವತ್ತಿನ ಖರ್ಚಲ್ಲವಲ್ಲ.

ಆ ದಾರಿಯಲ್ಲಿ ನನ್ನ ಶಾಲೆಯ ಮಕ್ಕಳು ಬೆಳಿಗ್ಗೆ ಒಂಬತ್ತಕ್ಕೆ ಸಾಲಾಗಿ ನಡೆದು ಬರುತ್ತಾರೆ. ಏರು ಹತ್ತುವ ಲಾರಿಯ ಸೈಲೆನ್ಸರು ಅವರ ಮೂಗಿನ ಎತ್ತರಕ್ಕೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇದನ್ನು ಹುಡುಗನಿಗೆ ಹೇಳಿದೆ. ತಲೆಯಾಡಿಸಿದ. ಅವನ ಮಗಳೂ ಆಗ ಅಂಗನವಾಡಿಗೆ ಹೋಗುತ್ತಿದ್ದಳು. ಆದರೂ ಅವನ ಕಣ್ಣು ಆ ಕಾಗದದ ಮೇಲೇ ಇತ್ತು.

ಕೊನೆಗೆ ಮಾತಾಡಿದವರು ಮೇಸ್ತ್ರಿ. “ಹೆಚ್ಚು ಡೀಸೆಲ್ ಕುಡಿಸಿದರೆ ಆ ಮಸಿ ಎಲ್ಲ ಹೊರಗೇ ಹೋಗಲ್ಲ ತಮ್ಮಾ. ಅರ್ಧ ಆಯಿಲಿಗೆ ಇಳೀತೈತೆ. ಆಯಿಲ್ ಕೆಟ್ಟರೆ ಲೈನರ್ ತಿಂತೈತೆ. ಇವತ್ತು ಆ ಗ್ಯಾರೇಜಿನವನು ಸುಳ್ಳು ಹೇಳ್ಯಾನ, ಎರಡು ವರ್ಷಕ್ಕೆ ನೀನೇ ಅದನ್ನ ನಿಜ ಮಾಡ್ತೀಯ.” ಆಮೇಲೆ ಪಂಪು ಇಳಿಸಿ, ಅಂಗಡಿಯವರಿಂದ ಸೀಲು ಹಾಕಿಸಿ ಎಂದು ನನಗೆ ಹೇಳಿ ಫೋನು ಇಟ್ಟರು. ಎಪ್ಪತ್ತು ಸಾವಿರ ಎಂಬ ಸಂಖ್ಯೆಯಷ್ಟು ಚೆನ್ನಾಗಿ ನನ್ನ 450 ಕೆಲಸ ಮಾಡಲಿಲ್ಲ ಎಂಬುದನ್ನು ಒಪ್ಪಬೇಕು.

ನಾಜಲ್ಲಿನ ಎಲಿಮೆಂಟು ಆರು, ಪಂಪಿನ ಕೆಲಸ, ಎರಡು ಫಿಲ್ಟರು, ಡೀಸೆಲ್ ಬೆರೆತ ಆಯಿಲು ಚೆಲ್ಲಿ ಹೊಸದು, ಮೇಸ್ತ್ರಿಯ ಕೂಲಿ ಎಲ್ಲ ಸೇರಿ ಹದಿನೈದು ಸಾವಿರದ ಒಳಗೆ ಮುಗಿಯಿತು. ಸರ ಕೊರಳಲ್ಲೇ ಉಳಿಯಿತು. ಹೊಗೆ ಪರೀಕ್ಷೆಯಲ್ಲಿ ಗಾಡಿ ನಿಲ್ಲಿಸಿ ಆಕ್ಸಿಲೇಟರನ್ನು ಪೂರ್ತಿ ಒತ್ತಿ ಬಿಡುತ್ತಾರೆ. ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಯಂತ್ರ ಅಳೆಯುತ್ತದೆ. ಇಂಥ ಹಳೆಯ ಗಾಡಿಗಳಿಗೆ ನಿಯಮದಲ್ಲಿರುವ ಮಿತಿ 65 ಹಾರ್ಟ್‌ರಿಜ್ ಯೂನಿಟ್. ಇವನದು 48 ಬಂತು. ಎಫ್‌ಸಿ ಆಯಿತು. ಅವನು 100 ಚೀಲಕ್ಕೆ ಬರಲಿಲ್ಲ, 110ಕ್ಕೆ ನಿಂತ. ಮೇಸ್ತ್ರಿ ನೋಡಿಯೂ ನೋಡದಂತೆ ಇದ್ದರು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ನೀಲಿ ಹೊಗೆ ಮಾತ್ರ ಉಳಿಯಿತು. ರಾತ್ರಿಯಿಡೀ ವಾಲ್ವ್ ಗೈಡಿನಿಂದ ಇಳಿದ ನಾಲ್ಕು ಹನಿ ಆಯಿಲಿನದು. ಎರಡು ನಿಮಿಷಕ್ಕೆ ಹೋಗುತ್ತಿತ್ತು. ಅದನ್ನೂ ಸರಿ ಮಾಡಿ ಎಂದರೆ ಮೇಸ್ತ್ರಿ ಒಪ್ಪಲಿಲ್ಲ. ಹೆಡ್ ಇಳಿಸಬೇಕು, ಅಷ್ಟಕ್ಕೆ ಬೇಡ ಎಂದರು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರಿದೆ, ತಪ್ಪಿದರೆ ದೀಪ ಹತ್ತುತ್ತದೆ, ಕಂಪ್ಯೂಟರು ಹಚ್ಚಿ ನೋಡುತ್ತಾರೆ. ಆ ಗಾಡಿಗಳು ನಮ್ಮ ಮೇಸ್ತ್ರಿಯ ಅಂಗಳಕ್ಕೆ ಬರುವುದು ಕಡಿಮೆ. ಮಕ್ಕಳ ಮೂಗಿನ ದೃಷ್ಟಿಯಿಂದ ಒಳ್ಳೆಯದೇ ಆಯಿತು.

ಹುಡುಗನ ಲಾರಿಯ ಇಂಜಿನ್ ಬಿಚ್ಚಿದ್ದು 2018ರ ಮಳೆಗಾಲದಲ್ಲಿ. ಅಷ್ಟರಲ್ಲಿ ಕಡ್ಡಿಯ ಮೇಲೆ ಆಯಿಲು ನಿಜವಾಗಿಯೂ ಇಳಿಯತೊಡಗಿತ್ತು, ಮಾವಿನ ಮರದ ಮುಂದೆ ಹೊಗೆ ಅಪ್ಪಟ ನೀಲಿಯಾಗಿತ್ತು, ಆಯಿಲ್ ಮುಚ್ಚಳ ತೆಗೆದರೆ ಬುಸುಗುಟ್ಟುತ್ತಿತ್ತು. ಮೂರು ವರ್ಷದಲ್ಲಿ ಅವನು ದುಡ್ಡು ಕೂಡಿಸಿಕೊಂಡಿದ್ದ. ಮೇಸ್ತ್ರಿ ಹಳೆಯ ಲೈನರಿನ ಒಳಗೋಡೆಯ ಮೇಲೆ ಉಗುರು ಎಳೆದು ತೋರಿಸಿದರು. ಮೇಲಿನ ರಿಂಗು ತಲುಪುವ ಕಡೆ ಸವೆದು ಮೆಟ್ಟಿಲಾಗಿತ್ತು, ಉಗುರು ಅಲ್ಲಿ ತಟ್ಟನೆ ನಿಂತಿತು. ಗುಜರಿಗೆ ಹೋಗುವ ಮೊದಲು ಒಂದನ್ನು ಕೇಳಿ ತಂದೆ. ಈಗ ಅದು ನಮ್ಮ ಶಾಲೆಯ ಪ್ರಯೋಗಾಲಯದ ಮೇಜಿನ ಮೇಲಿದೆ. ಮಕ್ಕಳು ಒಬ್ಬರಾದ ಮೇಲೊಬ್ಬರು ಉಗುರು ಎಳೆದು ನೋಡುತ್ತಾರೆ.